ಬಚ್ಚಲಿನ ಗೋಡೆಯ ಮೇಲೆ ಒಂದು ಸೀಮೆಸುಣ್ಣದ ಚೌಕ

"ಪಾಯಿಂಟ್ ಎಲ್ಲಿ ಕೊಡ್ಲಿ?" ಅಂತ ವೈರ್‌ಮನ್ ಕೇಳಿದ.

ಬಚ್ಚಲು ಮನೆಯ ಗೋಡೆಗೆ ಗಾರೆ ಆಗಿತ್ತು, ಟೈಲ್ಸ್ ಇನ್ನೂ ಅಂಟಿಸಿರಲಿಲ್ಲ. ಅಕ್ಕ ತಮ್ಮ ನಾವಿಬ್ಬರೂ ಬಾಗಿಲಲ್ಲಿ ನಿಂತಿದ್ದೆವು. ಉತ್ತರ ಕೊಡೋಕೆ ಎರಡು ನಿಮಿಷವೂ ಹಿಡಿಯಲಿಲ್ಲ. "ಅಮ್ಮಂಗೆ ಕೈ ಎಟುಕ್ಬೇಕು. ನಲ್ಲಿ ಪಕ್ಕದಲ್ಲೇ ಕೊಡಿ, ಬಕೆಟ್ ಅಲ್ಲೇ ಇಡ್ತಾರೆ" ಅಂದೆವು. ಅವನು ಸೊಂಟದ ಎತ್ತರಕ್ಕೆ ಸೀಮೆಸುಣ್ಣದಲ್ಲಿ ಒಂದು ಚೌಕ ಗೀಚಿದ. ಮಧ್ಯಾಹ್ನದ ಹೊತ್ತಿಗೆ ಅಲ್ಲಿ ಗೋಡೆ ಕೊರೆದು ಡಬ್ಬಿ ಕೂರಿಸಿಯಾಗಿತ್ತು.

ಆ ಚೌಕ ಗೀಚಿಸಿದ್ದು ನಾವೇ. ಯಾರೋ ಮಾಡಿದ ತಪ್ಪು ಅಂತ ಬರೆಯೋಕೆ ಸುಲಭ ಇರುತ್ತಿತ್ತು.

ನಮ್ಮ ಮನೆ ಭದ್ರಾವತಿಯ ಹಳೇನಗರದ ಕಡೆ. ನಾವಿಬ್ಬರು ಕೆಲಸಕ್ಕಾಗಿ ಶಿವಮೊಗ್ಗದ ಗೋಪಾಳದಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದೇವೆ. ಬಸ್ಸಿನಲ್ಲಿ ಅರ್ಧ ಮುಕ್ಕಾಲು ಗಂಟೆ ದೂರ, ಆದರೂ ಊರಿಗೆ ಹೋಗೋದು ವಾರಕ್ಕೊಮ್ಮೆ. ಮೂರು ವರ್ಷದ ಹಿಂದಿನವರೆಗೂ ಊರಿನ ಮನೆಯ ಬಚ್ಚಲು ಹಿತ್ತಲಲ್ಲಿತ್ತು. ತಾಮ್ರದ ಹಂಡೆ, ಕೆಳಗೆ ಒಲೆ, ಪಕ್ಕದಲ್ಲಿ ಅಡಿಕೆ ಸಿಪ್ಪೆಯ ಚೀಲ. ಬೆಳಿಗ್ಗೆ ಐದಕ್ಕೆ ಒಲೆ ಹಚ್ಚಿದರೆ ಎಂಟರವರೆಗೂ ನೀರು ಬಿಸಿ. ಮಲೆನಾಡಿನ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೆ ಅಮ್ಮನ ಮಂಡಿ ಬಗ್ಗುತ್ತಿರಲಿಲ್ಲ, ಮಳೆಗಾಲದಲ್ಲಿ ಹಿತ್ತಲಿಗೆ ಹೋಗುವ ಕಲ್ಲು ಜಾರುತ್ತಿತ್ತು. ಮನೆಯೊಳಗೇ ಒಂದು ಬಚ್ಚಲು ಮಾಡಿಸೋಣ ಅಂತ ಹೊರಟಿದ್ದು ಅಮ್ಮ ಬೀಳಬಾರದು ಅಂತ.

ನಾಲ್ಕು ಅಡಿ ಅಗಲ, ಆರು ಅಡಿ ಉದ್ದ. ಅಷ್ಟೇ ಜಾಗ ಸಿಕ್ಕಿದ್ದು. ಗೀಸರ್ ಆಮೇಲೆ ನೋಡೋಣ, ಸದ್ಯಕ್ಕೆ ಕಾಯಿಲ್ ಸಾಕು ಅಂದುಕೊಂಡೆವು. ಕಾಯಿಲ್ ಅಂದರೆ ಗೊತ್ತಲ್ಲ, ಬಕೆಟ್ಟಿಗೆ ಇಳಿಬಿಡುವ ಆ ಸುರುಳಿ ಹೀಟರ್.

ಹೋದ ಮಳೆಗಾಲದಲ್ಲಿ ಒಂದು ಭಾನುವಾರ ಊರಿಗೆ ಹೋದಾಗ ಅಮ್ಮನ ಮಣಿಕಟ್ಟಿಗೆ ಬಟ್ಟೆ ಸುತ್ತಿತ್ತು. ಏನಾಯ್ತು ಅಂದರೆ "ಬಚ್ಚಲಲ್ಲಿ ಜಾರಿದೆ" ಅಂದರು. ಊಟಕ್ಕೆ ಕೂತಾಗ ಅಪ್ಪ ಬಾಯಿಬಿಟ್ಟರು. ಜಾರಿದ್ದಲ್ಲ, ಕರೆಂಟ್ ಹೊಡೆದದ್ದು. ಅದೂ ನಾಲ್ಕು ದಿನದ ಹಿಂದೆ. ನೀರು ಕಾದಿದೆಯಾ ಅಂತ ಅಮ್ಮ ಬಕೆಟ್ಟಿಗೆ ಬೆರಳು ಅದ್ದಿದ್ದಾರೆ, ಇನ್ನೊಂದು ಕೈ ಸ್ವಿಚ್ ಕಡೆಗೆ ಚಾಚಿದ್ದಾರೆ. ಜುಂ ಅಂದು ಹಿಂದಕ್ಕೆ ಬಿದ್ದಿದ್ದಾರೆ. ಹಿಂದಕ್ಕೆ ಬಿದ್ದಿದ್ದರಿಂದ ಕೈ ನೀರಿನಿಂದ ಆಚೆ ಬಂತು. ಮುಂದಕ್ಕೆ ಬಾಗಿದ್ದರೆ ಏನಾಗುತ್ತಿತ್ತು ಅನ್ನೋದನ್ನು ನಾವು ಆ ರಾತ್ರಿ ಇಬ್ಬರೂ ಯೋಚಿಸಿದೆವು, ಒಬ್ಬರಿಗೊಬ್ಬರು ಹೇಳಿಕೊಳ್ಳಲಿಲ್ಲ.

"ಸ್ವಲ್ಪ ಜುಂ ಅಂತು ಅಷ್ಟೇ ಕಣ್ರೋ. ನೀವು ಅಷ್ಟು ಖರ್ಚು ಮಾಡಿ ಕಟ್ಸಿದೀರ, ಅದ್ಕೆ ಹೇಳ್ಲಿಲ್ಲ" ಅಂದರು ಅಮ್ಮ.

ಮಾರನೇ ದಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಇಸಿಜಿ ಮಾಡಿಸಿದೆವು. ಹೃದಯಕ್ಕೆ ಏನೂ ಆಗಿರಲಿಲ್ಲ. ಕರೆಂಟ್ ಹೊಡೆದ ಮೇಲೆ ಮನುಷ್ಯ ಎದ್ದು ಓಡಾಡುತ್ತಿದ್ದರೂ ಒಂದು ಸಲ ತೋರಿಸಬೇಕು, ಎದೆಬಡಿತದ ಏರುಪೇರು ಹೊರಗೆ ಕಾಣೋದಿಲ್ಲ.

ನಮ್ಮ ಬೀದಿಯಲ್ಲಿ ಒಬ್ಬರು ಹಿರಿಯರಿದ್ದಾರೆ. ಕಬ್ಬಿಣದ ಕಾರ್ಖಾನೆಯ ಎಲೆಕ್ಟ್ರಿಕಲ್ ವಿಭಾಗದಲ್ಲಿ ಇದ್ದು ನಿವೃತ್ತರಾದವರು. ನಾವು ಮಾಮ ಅಂತಲೇ ಕರೆಯೋದು. 1923ರಲ್ಲಿ ಉತ್ಪಾದನೆ ಶುರು ಮಾಡಿದ ಆ ಕಾರ್ಖಾನೆ ಊರಿಗೆ ಏನೇನು ಕೊಟ್ಟಿತು ಅಂತ ಲೆಕ್ಕ ಹಾಕುವವರು ಇಂಥ ಒಬ್ಬೊಬ್ಬ ಮಾಮನನ್ನೂ ಲೆಕ್ಕಕ್ಕೆ ಹಿಡಿಯಬೇಕು. ಫ್ಯೂಸ್ ಹೋದರೆ, ಮೋಟಾರ್ ಸುಟ್ಟರೆ, ಬೀದಿಗೊಬ್ಬರು ತಿಳಿದವರು ಸಿಗುತ್ತಿದ್ದರು. ಈಗ ಅವರೆಲ್ಲ ಎಪ್ಪತ್ತು ದಾಟಿದ್ದಾರೆ.

ಮಾಮ ಮೊದಲು ಮೇನ್ ಆಫ್ ಮಾಡಿಸಿದರು. ಆಮೇಲೆ ಪ್ಲಗ್ ಪಾಯಿಂಟಿನ ಪ್ಲೇಟ್ ಬಿಚ್ಚಿದರು. ಒಳಗೆ ಸೋಪಿನ ನೀರು ಒಣಗಿ ಬಿಳಿ ಪುಡಿ ಆಗಿತ್ತು, ಸ್ಕ್ರೂಗಳು ತುಕ್ಕು ಹಿಡಿದಿದ್ದವು. ನಲ್ಲಿಯ ಪಕ್ಕ, ಸೊಂಟದೆತ್ತರದಲ್ಲಿ ಇದ್ದದ್ದಕ್ಕೆ ಮೂರು ವರ್ಷದಿಂದ ದಿನಾ ಅದಕ್ಕೂ ಸ್ನಾನ ಆಗುತ್ತಿತ್ತು.

"ಹಸಿರು ವೈರ್ ಇದೆಯಲ್ಲ ಮಾಮ, ಅರ್ಥಿಂಗ್ ಕೊಟ್ಟಿದಾರಲ್ಲ" ಅಂದೆವು.

"ಇದೆ. ಇದು ಹೋಗೋದು ಎಲ್ಲಿಗೆ ಅಂತ ನೋಡ್ಕೊಂಡು ಬರೋಣ, ಬನ್ನಿ" ಅಂದರು.

ಆ ವೈರನ್ನು ಹಿಂಬಾಲಿಸಿಕೊಂಡು ಮೇನ್ ಬೋರ್ಡಿನವರೆಗೆ ಹೋದೆವು. ಅಲ್ಲಿಂದ ಒಂದು ದಪ್ಪ ತಂತಿ ಗೋಡೆ ದಾಟಿ ಹಿತ್ತಲಿಗೆ ಇಳಿದು, ನೀರಿನ ಜಿಐ ಪೈಪಿಗೆ ಎರಡು ಸುತ್ತು ಸುತ್ತಿಕೊಂಡಿತ್ತು. ಹಳೇ ಮನೆಗಳಲ್ಲಿ ಇದು ಮಾಮೂಲು. ಕಬ್ಬಿಣದ ಪೈಪು ನೆಲದೊಳಗೆ ದೂರ ಹೋಗುತ್ತಿತ್ತು, ಅದೇ ಅರ್ಥಿಂಗ್ ಅಂತ ನಡೆಸಿಕೊಂಡು ಬಂದಿದ್ದರು. ಆಗಲೂ ಅದು ಸರಿಯಾದ ಪದ್ಧತಿಯಾಗಿರಲಿಲ್ಲ. ಮೂರು ವರ್ಷದ ಹಿಂದೆ ನಾವೇನು ಮಾಡಿದ್ದೆವು? ಹಳೇ ಪೈಪು ತುಕ್ಕು ಹಿಡಿದಿದೆ ಅಂತ ಪ್ಲಂಬರ್ ಕೈಲಿ ನೆಲದೊಳಗಿನದನ್ನೆಲ್ಲ ತೆಗೆಸಿ ಪ್ಲಾಸ್ಟಿಕ್ಕಿನ ಸಿಪಿವಿಸಿ ಪೈಪು ಹಾಕಿಸಿದ್ದೆವು. ಗೋಡೆಯ ಮೇಲೆ ಒಂದೂವರೆ ಅಡಿ ಕಬ್ಬಿಣದ ತುಂಡು ಮಾತ್ರ ಉಳಿದಿತ್ತು. ತಂತಿ ಆ ತುಂಡಿಗೇ ಸುತ್ತಿಕೊಂಡು ಹಾಗೇ ಇತ್ತು.

ಅಂದರೆ ಮನೆಗೆ ಅರ್ಥಿಂಗೇ ಇರಲಿಲ್ಲ. ಪ್ಲಂಬರಿಗೆ ತಂತಿಯ ವಿಷಯ ಬೇಡ, ವೈರ್‌ಮನ್‌ಗೆ ಪೈಪಿನ ವಿಷಯ ಬೇಡ. ಇಬ್ಬರಿಗೂ ಕೂಲಿ ಕೊಟ್ಟವರು ನಾವು, ನಮಗೆ ಎರಡೂ ಗೊತ್ತಿರಲಿಲ್ಲ. ಹಳೇ ಮನೆ ರಿಪೇರಿ ಮಾಡಿಸಿ ಪೈಪು ಬದಲಾಯಿಸಿರುವವರು ದಯವಿಟ್ಟು ಒಂದು ಸಲ ಮನೆಯ ಹಿಂದೆ ಹೋಗಿ ನೋಡಿ. ಇದು ನಮ್ಮೊಬ್ಬರ ಮನೆಯ ಕಥೆ ಆಗಿರಲಿಕ್ಕಿಲ್ಲ.

ಕಾಯಿಲಿನ ಮೇಲಿನ ಲೋಹದ ಕೊಳವೆ ಎಲ್ಲೋ ಸೀಳಿತ್ತು. ಅರ್ಥಿಂಗ್ ಇದ್ದಿದ್ದರೆ ಸೋರಿದ ಕರೆಂಟ್ ಆ ಹಸಿರು ವೈರ್ ಹಿಡಿದು ಭೂಮಿಗೆ ಹೋಗುತ್ತಿತ್ತು. ದಾರಿ ಇಲ್ಲದ್ದಕ್ಕೆ ನೀರಿನಲ್ಲೇ ಕಾಯುತ್ತಿತ್ತು. ಅಮ್ಮ ಬೆರಳು ಅದ್ದಿದ ಕೂಡಲೇ, ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತ ಅಮ್ಮನೇ ದಾರಿಯಾದರು.

"ಎಂಸಿಬಿ ಯಾಕೆ ಬೀಳ್ಲಿಲ್ಲ?" ಅಂತ ಕೇಳಿದೆವು. ಹೊಸದಾಗಿ ಹಾಕಿಸಿದ್ದು, ಒಳ್ಳೇ ಕಂಪನಿಯದ್ದು.

ಮಾಮ ನಕ್ಕರು. ಎಂಸಿಬಿ ಇರೋದು ವೈರ್ ಸುಡದೆ ಇರಲಿ ಅಂತ, ಮನುಷ್ಯ ಸಾಯದೆ ಇರಲಿ ಅಂತ ಅಲ್ಲ. ನಮ್ಮದು 16 ಆಂಪಿಯರಿನದು. 1500 ವ್ಯಾಟ್ ಕಾಯಿಲ್ ಎಳೆಯೋದು ಆರೂವರೆ ಆಂಪಿಯರ್. ಒಣ ಚರ್ಮ ಕರೆಂಟನ್ನು ಸಾಕಷ್ಟು ತಡೆಯುತ್ತದೆ, ಒದ್ದೆ ಮೈ ತಡೆಯುವುದು ಕಡಿಮೆ, ಸುಮಾರು ಸಾವಿರ ಓಮ್ ಅಂತ ಇಟ್ಟುಕೊಳ್ಳಿ. 230 ವೋಲ್ಟನ್ನು ಸಾವಿರದಿಂದ ಭಾಗಿಸಿದರೆ ಕಾಲು ಆಂಪಿಯರಿಗಿಂತ ಕಡಿಮೆ ಬರುತ್ತದೆ. 16 ಆಂಪಿಯರಿಗೆ ಕಾಯುವ ಎಂಸಿಬಿಗೆ ಕಾಲು ಆಂಪಿಯರ್ ಲೆಕ್ಕಕ್ಕೇ ಇಲ್ಲ. ಮನುಷ್ಯನ ಹೃದಯ ನಿಲ್ಲಿಸೋಕೆ ಅದರ ಅರ್ಧವೂ ಬೇಡ.

ಜೀವ ಉಳಿಸುವುದು ಬೇರೆ ಪೆಟ್ಟಿಗೆ, ಆರ್‌ಸಿಸಿಬಿ. ಹೋದ ಕರೆಂಟೂ ವಾಪಸ್ ಬಂದ ಕರೆಂಟೂ ಒಂದೇ ಇದೆಯಾ ಅಂತ ಅದು ಸದಾ ತೂಗುತ್ತಿರುತ್ತದೆ. ಮನೆಗೆ ಹಾಕುವ 30 ಮಿಲಿ ಆಂಪಿಯರಿನದಾದರೆ, ಅಷ್ಟು ಕರೆಂಟ್ ಬೇರೆ ದಾರಿಯಲ್ಲಿ ಸೋರಿದರೂ ಕ್ಷಣದೊಳಗೆ ಲೈನ್ ಕಡಿದುಹಾಕುತ್ತದೆ. ಅಂಗಡಿಯಲ್ಲಿ ಕೆಲವರು ಹಳೇ ಹೆಸರು ಹಿಡಿದು ಇಎಲ್‌ಸಿಬಿ ಅನ್ನುತ್ತಾರೆ. ಕೇಳುವಾಗ '30 ಮಿಲಿ ಆಂಪಿಯರ್' ಅನ್ನೋದನ್ನು ಬಿಡಬೇಡಿ. 100, 300ರದ್ದೂ ಸಿಗುತ್ತದೆ, ಅವು ಈ ಕೆಲಸಕ್ಕಲ್ಲ.

ಆಮೇಲೆ ಮಾಮ ನಮ್ಮ ಚೌಕದ ವಿಷಯಕ್ಕೆ ಬಂದರು. ನಮ್ಮಲ್ಲಿ ಒಬ್ಬರನ್ನು ಬಕೆಟ್ ಇಡುವ ಜಾಗದಲ್ಲಿ ನಿಲ್ಲಿಸಿ "ಎರಡೂ ಕೈ ಚಾಚು" ಅಂದರು. ಒಂದು ಕೈ ಪ್ಲಗ್ ಪಾಯಿಂಟಿಗೆ ತಗುಲಿತು, ಇನ್ನೊಂದು ಕೈ ಎದುರು ಗೋಡೆಗೆ. "ಇದನ್ನ ನಮ್ಮ ಹಿರಿಯರು ಒಂದು ಮಾರು ಅಂತಿದ್ರು. ಸ್ನಾನ ಮಾಡೋ ಜಾಗದಿಂದ ಒಂದು ಮಾರಿನೊಳಗೆ ಕರೆಂಟಿನ ಬಾಯಿ ಇರ್ಬಾರ್ದು. ನಿಮ್ಮ ಬಚ್ಚಲೇ ಒಂದು ಮಾರು ಅಗಲ ಇಲ್ವಲ್ಲ!"

ಶಿವಮೊಗ್ಗಕ್ಕೆ ವಾಪಸ್ ಬಂದ ಮೇಲೆ ನಿಯಮ ಏನು ಹೇಳುತ್ತದೆ ಅಂತ ಹುಡುಕಿದೆವು. ಓದಿದ ವಿದ್ಯೆ ಅಷ್ಟಕ್ಕಾದರೂ ಬರಬೇಕಲ್ಲ. ನಮ್ಮ ದೇಶದ ನ್ಯಾಷನಲ್ ಬಿಲ್ಡಿಂಗ್ ಕೋಡ್ ಪ್ರಕಾರ ಬಚ್ಚಲಿನಲ್ಲಿ ನೆಲದಿಂದ 130 ಸೆಂಟಿಮೀಟರಿಗಿಂತ ಕೆಳಗೆ ಪ್ಲಗ್ ಪಾಯಿಂಟ್ ಕೊಡುವ ಹಾಗಿಲ್ಲ. ಅಂದರೆ ಸುಮಾರು ನಾಲ್ಕೂಕಾಲು ಅಡಿ. ನಮ್ಮದು ಮೂರು ಅಡಿಯೂ ಇರಲಿಲ್ಲ. ಹೊರದೇಶಗಳ ನಿಯಮ ಇನ್ನೂ ಬಿಗಿ. ಅಲ್ಲಿ ಬಚ್ಚಲನ್ನು ವಲಯಗಳಾಗಿ ಭಾಗ ಮಾಡುತ್ತಾರೆ. ನೀರು ಬೀಳುವ ಜಾಗ ಒಂದು ವಲಯ, ಅದರ ಮೇಲೆ 2.25 ಮೀಟರ್ ಎತ್ತರದವರೆಗೆ ಇನ್ನೊಂದು, ಅದರಾಚೆ 60 ಸೆಂಟಿಮೀಟರ್ ಮತ್ತೊಂದು. ಇವುಗಳ ಒಳಗೆ ನಾವು ಬಳಸುವಂಥ ಮೂರು ತೂತಿನ ಪಾಯಿಂಟಿಗೆ ಜಾಗವೇ ಇಲ್ಲ.

ಅವೆಲ್ಲ ದೊಡ್ಡ ಬಾತ್‌ರೂಮುಗಳನ್ನು ಮನಸ್ಸಿನಲ್ಲಿಟ್ಟು ಬರೆದ ಅಳತೆ. ನಾಲ್ಕು ಅಡಿ ಆರು ಅಡಿ ಬಚ್ಚಲಿಗೆ ಆ ಗೆರೆಗಳನ್ನು ಎಳೆಯುತ್ತಾ ಹೋದರೆ ಎಲ್ಲ ಗೆರೆಗಳೂ ಗೋಡೆ ದಾಟಿ ಹಜಾರಕ್ಕೆ ಬರುತ್ತವೆ. ನಾವು ಕಾಗದದ ಮೇಲೆ ಎಳೆದು ನೋಡಿದೆವು. ಕೈಗೆ ಎಟುಕುವ ಪ್ಲಗ್ ಪಾಯಿಂಟಿಗೆ ನಮ್ಮ ಬಚ್ಚಲಿನಲ್ಲಿ ಒಂದು ಗೇಣು ಸುರಕ್ಷಿತ ಜಾಗವೂ ಉಳಿಯಲಿಲ್ಲ. ವೈರ್‌ಮನ್ "ಎಲ್ಲಿ ಕೊಡ್ಲಿ" ಅಂದಾಗ ನಾವು ಹೇಳಬೇಕಾಗಿದ್ದ ಉತ್ತರ "ಒಳಗೆ ಬೇಡ" ಅಂತ.

ಹಾಗಾದರೆ ನೀರು ಕಾಯಿಸೋದು ಹೇಗೆ? ಕಾಯಿಲಿನ ವೈರ್ ಗಿಡ್ಡ, ಹೊರಗಿನ ಪಾಯಿಂಟಿನಿಂದ ಒಳಗಿನ ಬಕೆಟ್ಟಿಗೆ ಎಟುಕೋದಿಲ್ಲ. ಎಟುಕಿಸೋಕೆ ಎಕ್ಸ್‌ಟೆನ್ಷನ್ ಬಾಕ್ಸ್ ಎಳೆದರೆ ಮೊದಲಿಗಿಂತ ಕೆಟ್ಟದ್ದು. ಹೊರಗೇ ಕಾಯಿಸಿ, ಪ್ಲಗ್ ಕಿತ್ತು, ಬಕೆಟ್ ಒಳಗೆ ಒಯ್ಯಬೇಕು. ನಮ್ಮ ವಯಸ್ಸಿನವರಿಗೆ ಸರಿ, ಅಮ್ಮನ ಮಂಡಿಗೆ ಆಗದ ಮಾತು. ಗ್ಯಾಸ್ ಗೀಸರ್ ಹಾಕಿಸಿ ಅಂದರು ಕೆಲವರು. ಗಾಳಿಯಾಡದ ಸಣ್ಣ ಬಚ್ಚಲಿನಲ್ಲಿ ಅದು ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ. ವಾಸನೆ ಇಲ್ಲ, ಬಣ್ಣ ಇಲ್ಲ, ಸ್ನಾನಕ್ಕೆ ಹೋದವರು ವಾಪಸ್ ಬರೋದಿಲ್ಲ. ಒಂದು ಅಪಾಯ ಬಿಟ್ಟು ಇನ್ನೊಂದಕ್ಕೆ ಹೋಗೋದು ಬೇಡ ಅಂತ ಬಿಟ್ಟೆವು.

ಕೊನೆಗೆ ಮಾಮನೇ ಎದುರು ನಿಂತು, ಲೈಸೆನ್ಸ್ ಇರುವ ಒಬ್ಬ ವೈರ್‌ಮನ್ ಕೈಲಿ ಕೆಲಸ ಮಾಡಿಸಿದರು. ಮೊದಲು ಹಿತ್ತಲಲ್ಲಿ ಗುಂಡಿ ತೋಡಿಸಿ, ಇದ್ದಿಲು ಉಪ್ಪು ಹಾಕಿ ಸರಿಯಾದ ಅರ್ಥಿಂಗ್. ಮೇನ್ ಬೋರ್ಡಿಗೆ ಆರ್‌ಸಿಸಿಬಿ. ಬಚ್ಚಲಿಗೆ ನೀರು ತುಂಬಿಟ್ಟುಕೊಳ್ಳುವ 2000 ವ್ಯಾಟಿನ ಗೀಸರ್, ನಲ್ಲಿಯ ಎದುರು ಗೋಡೆಯಲ್ಲಿ ತಲೆಗಿಂತ ಮೇಲೆ. ಅದಕ್ಕೆ ಬರುವ ವೈರಿಗೆ ಅಲ್ಲೇ ಎತ್ತರದಲ್ಲಿ ಮುಚ್ಚಿದ ಜೋಡಣೆ, ಕೈಗೆ ಸಿಗುವ ಪ್ಲಗ್ ಇಲ್ಲ. ಸ್ವಿಚ್ ಬಾಗಿಲ ಹೊರಗೆ.

ಆ ಸ್ವಿಚ್ ಡಬಲ್ ಪೋಲ್ ಆಗಿರಬೇಕು ಅಂತ ಮಾಮ ಹಟ ಹಿಡಿದರು. ಮಾಮೂಲು ಸ್ವಿಚ್ ಒಂದೇ ತಂತಿ ಕಡಿಯೋದು. ಹಳೇ ಮನೆಗಳಲ್ಲಿ ಎಷ್ಟೋ ಕಡೆ ಫೇಸ್ ನ್ಯೂಟ್ರಲ್ ಅದಲು ಬದಲಾಗಿರುತ್ತವೆ. ಆಗ ಸ್ವಿಚ್ ಆಫ್ ಮಾಡಿದರೆ ನ್ಯೂಟ್ರಲ್ ಮಾತ್ರ ಕಡಿಯುತ್ತದೆ, ಗೀಸರಿನೊಳಗೆ ಕರೆಂಟ್ ಹಾಗೇ ಇರುತ್ತದೆ. ಡಬಲ್ ಪೋಲ್ ಆದರೆ ಎರಡೂ ಕಡಿಯುತ್ತದೆ. ಕಾಯಿಲ್ ಬಳಸುವವರೂ ಸ್ವಿಚ್ ನಂಬಬೇಡಿ, ಪ್ಲಗ್ ಕಿತ್ತ ಮೇಲೇ ನೀರು ಮುಟ್ಟಿ ಅನ್ನೋದು ಇದಕ್ಕೇ. ಇನ್ನು ತಾಮ್ರದ ಹಂಡೆಗೇ ಕಾಯಿಲ್ ಇಳಿಬಿಡುವವರನ್ನು ನಾವು ಎಷ್ಟೋ ಮನೆಗಳಲ್ಲಿ ನೋಡಿದ್ದೇವೆ. ಸೌದೆ ಇಲ್ಲ, ಹಂಡೆ ಇದೆ, ಕರೆಂಟ್ ಇದೆ ಅಂತ. ಕಾಯಿಲ್ ಸೋರಿದರೆ ಇಡೀ ಹಂಡೆಯೇ ಕರೆಂಟು. ಅದನ್ನು ಮಾತ್ರ ಇವತ್ತೇ ನಿಲ್ಲಿಸಿ.

2023ರಲ್ಲಿ ಗೃಹಜ್ಯೋತಿ ಬಂದು ಎಷ್ಟೋ ಮನೆಗಳಿಗೆ ಕರೆಂಟ್ ಬಿಲ್ ಇಲ್ಲದಾಯಿತು. ನಮ್ಮ ಬೀದಿಯಲ್ಲಿ ಎಷ್ಟೋ ಮನೆಯವರು ಒಲೆ ಬಿಟ್ಟು ಕಾಯಿಲಿಗೆ, ಗೀಸರಿಗೆ ಬಂದದ್ದು ಅದರ ನಂತರವೇ. ಹೊಗೆ ತಪ್ಪಿತು, ಒಳ್ಳೆಯದೇ. ಆದರೆ ಒಂದು ಬಲ್ಬು, ಒಂದು ಫ್ಯಾನು, ಒಂದು ಟಿವಿ ಅಂತ ಹಾಕಿದ್ದ ವೈರಿಂಗಿನ ಮೇಲೆ ಈಗ ಗೀಸರ್ ಕೂತಿದೆ. ಇದನ್ನೂ ಯಾರಾದರೂ ಬರೆಯಬೇಕು.

ಬರೆಯುವ ವಿಷಯ ಬಂದಾಗ ನಮಗೆ ಇನ್ನೊಂದು ನಾಚಿಕೆ ಇದೆ. 'ಬಚ್ಚಲು ಮನೆಯಲ್ಲಿ ವಿದ್ಯುತ್ ಸ್ಪರ್ಶಿಸಿ ಸಾವು' ಅನ್ನುವ ನಾಲ್ಕು ಸಾಲಿನ ಸುದ್ದಿಗಳನ್ನು ನಾವೂ ಬರೆದಿದ್ದೇವೆ. ಹೆಸರು, ವಯಸ್ಸು, ಊರು, ಯಾವ ಠಾಣೆಯಲ್ಲಿ ಪ್ರಕರಣ. ಪ್ಲಗ್ ಎಲ್ಲಿತ್ತು, ಅರ್ಥಿಂಗ್ ಇತ್ತಾ ಅಂತ ಒಂದು ಸಲವೂ ಕೇಳಿಲ್ಲ. ಅದೂ ಸುದ್ದಿಯ ಭಾಗ ಅಂತ ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ, ನಮಗೂ ಹೊಳೆದಿರಲಿಲ್ಲ.

ಭದ್ರಾವತಿಯ ಕೆಲಸ ಮುಗಿದ ಮೇಲೆ ಗೋಪಾಳದ ಬಾಡಿಗೆ ಮನೆಯನ್ನು ಬೇರೆ ಕಣ್ಣಿನಿಂದ ನೋಡತೊಡಗಿದೆವು. ವಾಷಿಂಗ್ ಮೆಷಿನ್ ಬಚ್ಚಲಿನ ಮೂಲೆಯಲ್ಲಿ, ಅದರ ಪ್ಲಗ್ ಮೊಳೆಗೆ ನೇತುಹಾಕಿದ ಎಕ್ಸ್‌ಟೆನ್ಷನ್ ಬಾಕ್ಸಿಗೆ, ಬಾಕ್ಸಿನ ಕೆಳಗೆ ಷವರಿನ ಹನಿ. ಎರಡು ವರ್ಷದಿಂದ ಇದರೊಳಗೇ ಸ್ನಾನ ಮಾಡಿದ್ದೆವು. ಕೆಲವು ದಿನ ಅದೇ ಬಾಕ್ಸಿನಲ್ಲಿ ಫೋನು ಚಾರ್ಜಿಗಿಟ್ಟು ಹಾಡನ್ನೂ ಕೇಳಿದ್ದೆವು.

ಮನೆ ಮಾಲೀಕರಿಗೆ ಹೇಳಿದಾಗ "ಇಷ್ಟ್ ವರ್ಷ ಏನೂ ಆಗಿಲ್ವಲ್ಲಪ್ಪ" ಅಂದರು. ಕೆಟ್ಟವರಲ್ಲ. ಆದರೆ ಆ ಮಾತಿಗೆ ಏನು ಉತ್ತರ ಕೊಡೋದು? ನಮ್ಮ ಮನೆಯಲ್ಲೂ ಮೂರು ವರ್ಷ ಏನೂ ಆಗಿರಲಿಲ್ಲ. ಅಮ್ಮನ ಕಥೆ ಹೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಪೆಟ್ಟಿಗೆ ನೀವು ತನ್ನಿ, ಕೂಲಿ ನಾನ್ ಕೊಡ್ತೀನಿ" ಅಂದರು. ಎರಡು ಸಾವಿರದ ಆಸುಪಾಸಿನಲ್ಲಿ ಆರ್‌ಸಿಸಿಬಿ ತಂದೆವು. ಮೆಷಿನ್ನಿನ ಪಾಯಿಂಟನ್ನು ಬಾಗಿಲ ಹೊರಗಿನ ಗೋಡೆಗೆ ತಂದು, ಮೆಷಿನ್ನನ್ನೂ ಹೊರಗಿಟ್ಟೆವು. ನಡೆಯುವ ಜಾಗ ಕಿರಿದಾಯಿತು, ಇಬ್ಬರೂ ಒಂದೊಂದು ಸಲ ಮಂಡಿ ತಗುಲಿಸಿಕೊಂಡಿದ್ದೇವೆ.

ತಮಾಷೆ ಶುರುವಾದದ್ದು ಆಮೇಲೆ. ಆರ್‌ಸಿಸಿಬಿ ದಿನಾ ಬೀಳತೊಡಗಿತು. ಮಳೆ ಬಂದ ರಾತ್ರಿ ಎರಡು ಮೂರು ಸಲ. ಕತ್ತಲಲ್ಲಿ ಎದ್ದು ಹೋಗಿ ಎತ್ತೋದು, ಮತ್ತೆ ಬೀಳೋದು. ಮೇಲಿನ ಮನೆಯವರು "ಅದನ್ನ ತೆಗೆಸಿಬಿಡಿ, ನಮ್ಮನೇಲೂ ಹಾಗೇ ಆಗಿ ಬೈಪಾಸ್ ಮಾಡಿಸಿದ್ವಿ" ಅಂದರು. ನಾವೂ ಒಂದು ಹಂತದಲ್ಲಿ ಹಾಗೇ ಮಾಡೋಣ ಅಂದುಕೊಂಡಿದ್ದೆವು, ಸುಳ್ಳು ಯಾಕೆ. ಮಾಮನಿಗೆ ಫೋನ್ ಮಾಡಿದರೆ ಬೈದರು. "ನಾಯಿ ಬೊಗಳ್ತಿದೆ ಅಂತ ನಾಯೀನ ಹೊಡೆದು ಓಡಿಸ್ತೀರಾ? ಯಾಕೆ ಬೊಗಳ್ತಿದೆ ನೋಡಿ."

ಒಂದೊಂದೇ ಎಂಸಿಬಿ ಇಳಿಸಿಟ್ಟು ನೋಡುತ್ತಾ ಹೋದೆವು. ಯಾವುದನ್ನು ಎತ್ತಿದಾಗ ಬೀಳುತ್ತದೋ ಆ ಲೈನಿನಲ್ಲಿ ಸೋರಿಕೆ. ಸಿಕ್ಕಿದ್ದು ಹೊರಗಿನ ಗೋಡೆಯ ಒಂದು ಸ್ವಿಚ್ ಬೋರ್ಡು. ಮೇಲಿನ ಸಜ್ಜೆ ಬಿರುಕು ಬಿಟ್ಟು, ಮಳೆನೀರು ಗೋಡೆಯೊಳಗೇ ಇಳಿದು ಬೋರ್ಡಿನ ಡಬ್ಬಿಗೆ ಸೇರುತ್ತಿತ್ತು. ಮಳೆಗಾಲದಲ್ಲಿ ಆ ಗೋಡೆ ಮುಟ್ಟಿದರೆ ಒಮ್ಮೊಮ್ಮೆ ಸಣ್ಣಗೆ ಚುರುಗುಟ್ಟುತ್ತಿತ್ತು. ತಂಪಿಗೆ ಹಾಗಾಗುತ್ತದೆ ಅಂದುಕೊಂಡಿದ್ದೆವು. ಬಿರುಕು ಮುಚ್ಚಿಸಿ ಡಬ್ಬಿ ಬದಲಾಯಿಸಿದ ಮೇಲೆ ಆರ್‌ಸಿಸಿಬಿ ಸುಮ್ಮನಾಯಿತು.

ಒಂದು ವಿಷಯ ಮಧ್ಯದಲ್ಲೇ ಹೇಳಿಬಿಡುತ್ತೇವೆ, ಆಮೇಲೆ ಮರೆತುಹೋದರೆ ಕಷ್ಟ. ಯಾರಿಗಾದರೂ ಕರೆಂಟ್ ಹಿಡಿದುಕೊಂಡಿದ್ದರೆ ಓಡಿಹೋಗಿ ಮೈ ಮುಟ್ಟಬೇಡಿ. ಒಬ್ಬರನ್ನು ಬಿಡಿಸಲು ಹೋಗಿ ಇಬ್ಬರು ಸತ್ತ ಸುದ್ದಿಗಳೂ ನಮ್ಮ ಪತ್ರಿಕೆಗಳಲ್ಲಿ ಬರುತ್ತವೆ. ಮೊದಲು ಮೇನ್ ಆಫ್ ಮಾಡಿ. ಅದಾಗದಿದ್ದರೆ ಒಣಗಿದ ಕೋಲಿನಿಂದಲೋ ಪ್ಲಾಸ್ಟಿಕ್ ಕುರ್ಚಿಯಿಂದಲೋ ಒಣ ಜಾಗದಲ್ಲಿ ನಿಂತು ದೂಡಿ. ಉಸಿರಿಲ್ಲದಿದ್ದರೆ 108ಕ್ಕೆ ಫೋನ್ ಮಾಡಿ, ಆಂಬುಲೆನ್ಸ್ ಬರುವವರೆಗೆ ಎದೆ ಒತ್ತುತ್ತಲೇ ಇರಿ. ಕಂಬದಿಂದ ಮನೆಗೆ ಬರುವ ಲೈನಿನಲ್ಲಿ ತೊಂದರೆ ಇದ್ದರೆ ಮೆಸ್ಕಾಂನ 1912ಕ್ಕೆ ಹೇಳಿ, ನೀವೇ ಏಣಿ ಹಾಕಬೇಡಿ.

ಅಮ್ಮನಿಗೆ ಈಗ ಹೊಸ ಕೆಲಸ ಸಿಕ್ಕಿದೆ. ಆರ್‌ಸಿಸಿಬಿ ಮೇಲೆ 'ಟಿ' ಅಂತ ಬರೆದ ಸಣ್ಣ ಗುಂಡಿ ಇರುತ್ತದೆ. ತಿಂಗಳಿಗೊಮ್ಮೆ ಒತ್ತಿ ನೋಡಬೇಕು, ಒತ್ತಿದ ಕೂಡಲೇ ಬೀಳಬೇಕು, ಬೀಳದಿದ್ದರೆ ಅದು ಸತ್ತಿದೆ ಅಂತ ಅರ್ಥ. ಅಮ್ಮ ಅಮಾವಾಸ್ಯೆ ಲೆಕ್ಕ ಇಟ್ಟುಕೊಂಡಿದ್ದಾರೆ. ಅವತ್ತು ಒತ್ತುತ್ತಾರೆ, ಟಿವಿ ನೋಡುತ್ತಿರುವ ಅಪ್ಪ ಕೂಗುತ್ತಾರೆ, ಎತ್ತುತ್ತಾರೆ. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಗೆ ತುಳಸಿ ಗಿಡಕ್ಕೆ ಹಾಕಿದ ಮೇಲೆ ಒಂದು ಚೊಂಬು ನೀರು.

ಗೀಸರಿನ ಸ್ವಿಚ್ಚು ಬಾಗಿಲ ಹೊರಗೆ ಅಮ್ಮನ ಎತ್ತರಕ್ಕೇ ಇದೆ, ಕೆಂಪು ದೀಪದ ಸಮೇತ. ಗೋಡೆಯ ಈಚೆ ಬದಿಗೆ ಬಂತು ಅಷ್ಟೇ.

ಒಳಗಿನ ಹಳೇ ಪಾಯಿಂಟನ್ನು ವೈರ್ ಸಮೇತ ಕೀಳಿಸಿದೆವು. ಆ ಜಾಗಕ್ಕೆ ಹೊಂದುವ ಟೈಲ್ಸ್‌ಗಾಗಿ ಭದ್ರಾವತಿ, ಶಿವಮೊಗ್ಗ ಎರಡೂ ಕಡೆ ಅಂಗಡಿ ಅಂಗಡಿ ಅಲೆದೆವು, ಆ ಡಿಸೈನು ಈಗ ಬರೋದಿಲ್ಲವಂತೆ. ಅದಕ್ಕೆ ತೂತು ಮುಚ್ಚಿ ಒಂದು ಬಿಳಿ ಖಾಲಿ ಪ್ಲೇಟ್ ಕೂರಿಸಿದ್ದೇವೆ. ಹೋದ ವಾರ ನೋಡಿದಾಗ ಅದರ ಮೇಲೆ ಅಮ್ಮನ ಸ್ಟಿಕ್ಕರ್ ಬೊಟ್ಟುಗಳು ಸಾಲಾಗಿ ಅಂಟಿಕೊಂಡಿದ್ದವು, ಒಂಬತ್ತೋ ಹತ್ತೋ.